ಬಾಗಿಲ ಪ್ರಶ್ನೆ

ಹೋದ ರವಿವಾರ ಪಲ್ಲವಿ ಪಡಸಾಲೆಯಲ್ಲಿ ಕುಳಿತು ಪರೀಕ್ಷೆಗೆ ಓದುತ್ತಿದ್ದಳು. ಪ್ರಪಂಚದ ಭೂಗೋಳದ ಮೇಲೆ ಒಂದು ಹಾಳೆಯ ತುಂಬ ಪ್ರಶ್ನೆಗಳಿದ್ದವು. ಚೇತನ ಅದನ್ನು ಅಕ್ಕನ ಕೈಯಿಂದ ಕಸಿದುಕೊಂಡು ಅಜ್ಜಿಯಾದ ನನ್ನ ಕಡೆ ತಿರುಗಿದ. ಆಯಿಗೆ ಕೇಳೋಣ, ಮಜಾ ಬರುತ್ತದೆ ಎಂಬುದು, ಮಕ್ಕಳೇ, ನಿಮ್ಮಿಬ್ಬರ ಲೆಕ್ಕ. ನಾನು ಮೆಂತ್ಯೆ ಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ಖಂಡ ಯಾವುದು ಎಂದು ಕೇಳಿದ, ಹೇಳಿದೆ. ಚಿಲಿ ದೇಶದ ರಾಜಧಾನಿ ಕೇಳಿದ, ಸಾಂಟಿಯಾಗೊ ಎಂದೆ. ಮಡಗಾಸ್ಕರಿನದು ಕೇಳಿದ, ಪಲ್ಲೆಯಿಂದ ತಲೆ ಎತ್ತದೆ ಅಂಟನಾನರಿವೊ ಎಂದೆ. ಹಾಳೆ ಮುಗಿಯುವ ತನಕ ಒಂದೂ ತಪ್ಪಲಿಲ್ಲ. ನೀವಿಬ್ಬರೂ ಬಾಯಿ ತೆರೆದುಕೊಂಡು ನೋಡಿದಿರಿ. ಬಾಗೇವಾಡಿಯ ಸಾಲಿಯಲ್ಲಿ ಏಳನೆಯ ತನಕ ಕಲಿತ ಆಯಿಗೆ ಇದೆಲ್ಲ ಯಾರು ಕಲಿಸಿದರು ಎಂದು ಪಲ್ಲವಿ ಕೇಳಿದಳು. ನಾನು ಪಲ್ಲೆ ಎತ್ತಿಕೊಂಡು ಒಳಗೆ ಹೋದೆ. ಆಯಿಗೆ ಸಿಟ್ಟು ಬಂತು ಎಂದು ನೀವು ತಿಳಿದಿರಿ.

ಸಿಟ್ಟಲ್ಲ, ಮಕ್ಕಳೇ. ಎದುರಿಗೆ ಕುಳಿತು ಹೇಳುವ ಶಕ್ತಿ ನನಗೆ ಯಾವತ್ತೂ ಇರಲಿಲ್ಲ. ಅದಕ್ಕೇ ಚೇತನನ ಹಳೆಯ ವಹಿಯಲ್ಲಿ ಉಳಿದ ಖಾಲಿ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ಅದು ಮೂರು ವರ್ಷದ ಹಿಂದಿನ ಮಳೆಗಾಲದ ಸಂಗತಿ. ಆಗ ನೀವು ಸಣ್ಣವರು. ಅಜ್ಜ ಜ್ವರ ಬಂದು ತೀರಿಹೋದರು ಎಂದಷ್ಟೇ ನಿಮಗೆ ಹೇಳಿದ್ದೇವೆ.

ನಿಮ್ಮ ಅಜ್ಜ ಮಾಸ್ತರರು. ಮೊದಲು ಹುಕ್ಕೇರಿಯಲ್ಲಿ, ಆಮೇಲೆ ಮೂಡಲಗಿಯಲ್ಲಿ ಭೂಗೋಳ ಕಲಿಸಿದರು. ಸಂಜೆ ಗಂಟೆ ಹೊಡೆದ ಮೇಲೆ ಅವರು ತರಗತಿಯ ಬಾಗಿಲಿಗೆ ಒಂದು ಕೈ ಅಡ್ಡ ಇಟ್ಟು ನಿಲ್ಲುತ್ತಿದ್ದರಂತೆ. ಒಬ್ಬೊಬ್ಬ ಹುಡುಗನಿಗೂ ಒಂದೊಂದು ಪ್ರಶ್ನೆ. ಉತ್ತರ ಸರಿಯಾದರೆ "ಖರೆ ಐತಿ, ಹೋಗು" ಎಂದು ಕೈ ಎತ್ತುವರು. ತಪ್ಪಾದರೆ ಸಾಲಿನ ಕೊನೆಗೆ ಹೋಗಿ ನಿಂತು ಮತ್ತೆ ಬರಬೇಕು. ಯಾರಿಗೂ ಬಡಿಯುತ್ತಿರಲಿಲ್ಲ, ಆದರೆ ಉತ್ತರ ಹೇಳದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಹುಡುಗರು ಇದಕ್ಕೆ ಬಾಗಿಲ ಪ್ರಶ್ನೆ ಎಂದು ಹೆಸರಿಟ್ಟಿದ್ದರು. ಅಜ್ಜ ಆ ಪ್ರಶ್ನೆಗಳನ್ನೆಲ್ಲ ಒಂದು ದಪ್ಪ ವಹಿಯಲ್ಲಿ ಬರೆದಿಟ್ಟಿದ್ದರು, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ.

ಅವರು ಉತ್ತರವಿಲ್ಲದೆ ಒಳಗೆ ಬಿಟ್ಟದ್ದು ಒಬ್ಬರನ್ನೇ, ನನ್ನನ್ನು. ಮದುವೆಯಾಗಿ ಬೆಲ್ಲದ ಬಾಗೇವಾಡಿಯಿಂದ ಕೊಣ್ಣೂರಿನ ಈ ಮನೆಗೆ ಬಂದ ದಿವಸ ನನ್ನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಬೇಕಾದರೆ ಪ್ರಾಸ ಹಚ್ಚಿ ಒಡಪು ಕಟ್ಟಿ, ಅದರ ಒಳಗೆ ಹೆಸರನ್ನು ಸೇರಿಸಿ ಹೇಳಬೇಕು. ಹೊಸ ಮದುಮಗಳು ಹಾಗೆ ಹೇಳುವ ತನಕ ಹೊಸ್ತಿಲು ದಾಟುವಂತಿಲ್ಲ. ನನ್ನ ಅವ್ವ ನಾಲ್ಕು ಒಡಪು ಕಲಿಸಿ ಕಳಿಸಿದ್ದಳು. ಅಷ್ಟು ಮಂದಿಯನ್ನು ನೋಡಿ ಒಂದೂ ಬಾಯಿಗೆ ಬರಲಿಲ್ಲ. ಮದುಮಗಳು ಮೂಕಿ ಏನು ಎಂದು ಯಾರೋ ಚುಚ್ಚಿದರು. ನನ್ನ ಕಣ್ಣು ತುಂಬಿ ಬಂದವು. ಆಗ ಬಾಜೂಕ್ಕೆ ನಿಂತಿದ್ದ ಅವರು ತಂಗಿಯರಿಗೆ ಹೇಳಿದರು: "ಬಿಡ್ರವಾ ಆಕಿನ್ನ. ನಾಳೆ ಹೇಳತಾಳ."

ಆ ನಾಳೆ ಬರಲೇ ಇಲ್ಲ. ಅವರು ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹುಕ್ಕೇರಿಗೆ ಹೋದರೆ ಶನಿವಾರ ಮಧ್ಯಾಹ್ನ ಬರುತ್ತಿದ್ದರು. ಮನೆಯ ತುಂಬ ಹಿರಿಯರು. ಊಟಕ್ಕೆ ಬರ್ರಿ, ನೀರು ಕಾದಾವ, ಇಷ್ಟರಲ್ಲೇ ನಮ್ಮ ಮಾತು ಮುಗಿಯುತ್ತಿತ್ತು. ಸೀಮಂತದಲ್ಲಿ, ತೊಟ್ಟಿಲ ಕಾರ್ಯದಲ್ಲಿ, ನಿಮ್ಮ ಅಪ್ಪನ ಮದುವೆಯಲ್ಲಿ ಎಲ್ಲರೂ ಒಡಪು ಕೇಳಿದರು. ನಾನು ಸೆರಗು ಬಾಯಿಗೆ ಹಿಡಿದು ನಕ್ಕು ಅಡುಗೆಮನೆ ಸೇರಿಕೊಂಡೆ. ನಲವತ್ತೆರಡು ವರ್ಷ ಅವರ ಹೆಸರು ನನ್ನ ನಾಲಿಗೆಯ ಮೇಲೆ ಬರಲಿಲ್ಲ.

ಅವರಿಗೆ ಮರೆವಿನ ರೋಗ ಶುರುವಾದದ್ದು ನಮಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಮೊದಮೊದಲು ಚಷ್ಮಾ ಎಲ್ಲಿಟ್ಟೆ ಎಂದು ಹುಡುಕುವರು. ಆಮೇಲೆ ಊಟ ಮಾಡಿ ಕೈ ತೊಳೆದು ಬಂದು ಮತ್ತೆ ತಾಟಿನ ಮುಂದೆ ಕೂರತೊಡಗಿದರು. ನಿಮ್ಮ ಅಪ್ಪ ಗೋಕಾಕದ ಡಾಕ್ಟರರಿಗೆ ತೋರಿಸಿದ. ಡಾಕ್ಟರರು ಅಜ್ಜನನ್ನು ಹೊರಗೆ ಕೂರಿಸಿ ನಮ್ಮಿಬ್ಬರಿಗೆ ತಿಳಿಸಿ ಹೇಳಿದರು. ದಿನಾ ಬೆಳಿಗ್ಗೆ ಐದು ಮಾತು ಕೇಳಬೇಕು: ನಿಮ್ಮ ಹೆಸರೇನು, ಊರು ಯಾವುದು, ಮನೆ ಎಲ್ಲಿ, ಇವತ್ತು ಯಾವ ವಾರ, ಎದುರಿಗೆ ನಿಂತವರು ಯಾರು. ಐದೂ ಹೇಳಿದರೆ ಹೊರಗೆ ತಿರುಗಾಡಲಿ, ಒಳ್ಳೆಯದು. ಒಂದು ತಪ್ಪಿದರೂ ಒಬ್ಬರನ್ನೇ ಬಿಡಬೇಡಿ. ನಿಮ್ಮ ಅಪ್ಪ ಗೋಕಾಕದ ಗೊಬ್ಬರದ ಅಂಗಡಿಗೆ, ನಿಮ್ಮ ಅವ್ವ ಅಂಗನವಾಡಿಗೆ, ನೀವು ಸಾಲಿಗೆ ಹೋಗುವವರು. ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಮರುದಿನ ಅಜ್ಜ ಟೊಪ್ಪಿಗೆ ಹಾಕಿಕೊಂಡು ಊರ ಕಟ್ಟೆಗೆ ಹೊರಟರು. ಕಟ್ಟೆಯ ಮೇಲೆ ಕುಳಿತು ಪೇಪರ್ ಓದಿ, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಹನ್ನೊಂದಕ್ಕೆ ಬರುವುದು ಅವರ ರೂಢಿ. ಅದೊಂದೇ ಅವರಿಗೆ ಉಳಿದಿದ್ದ ಸುಖ. ನಾನು ಬಾಗಿಲಿಗೆ ಹೋಗಿ ನಿಂತೆ. ನಿಮ್ಮ ಹೆಸರೇನ್ರಿ ಎಂದು ಗಂಡನಿಗೆ ಹೇಗೆ ಕೇಳಲಿ? ಸಾವಿರ ಮಕ್ಕಳಿಗೆ ಪ್ರಶ್ನೆ ಕೇಳಿದ ಮನುಷ್ಯ. ಒಂದು ವೇಳೆ ಗೊತ್ತಿಲ್ಲ ಎಂದುಬಿಟ್ಟರೆ ಆ ಹೆಸರನ್ನು ನಾನೇ ಹೇಳಿಕೊಡಬೇಕು. ಎದುರಿಗೆ ನಿಂತವರು ಯಾರು ಎಂದು ಕೇಳುವುದು ಇನ್ನೂ ಕಷ್ಟ. ಅದಕ್ಕೆ ಅವರು ಏನು ಹೇಳುತ್ತಾರೋ ಎಂದು ನನಗೇ ಭಯ. ಗೋಡೆಯ ಮಾಡಿನಲ್ಲಿದ್ದ ಅವರ ದಪ್ಪ ವಹಿ ಕಣ್ಣಿಗೆ ಬಿತ್ತು. ತೆಗೆದು ಒಂದು ಹಾಳೆ ತಿರುವಿ, ಮಂಗೋಲಿಯಾ ದೇಶದ ರಾಜಧಾನಿ ಯಾವುದು ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಎಷ್ಟೋ ತಿಂಗಳ ಮೇಲೆ ಅವರ ಮುಖ ಅರಳಿತು. "ಉಲಾನ್ ಬಾತರ್" ಎಂದರು. ವಹಿ ನೋಡಿದೆ. "ಖರೆ ಐತಿ, ಹೋಗ್ರಿ" ಎಂದೆ. ಇಬ್ಬರೂ ನಕ್ಕೆವು.

ಆ ಮಳೆಗಾಲ ಹಾಗೆ ಶುರುವಾಯಿತು. ಮೃಗಶಿರಾ ಮಳೆ ಚೆನ್ನಾಗಿ ಬಿದ್ದು ಘಟಪ್ರಭಾ ಹೊಳೆಗೆ ಕೆಂಪು ನೀರು ಬಂದಿತ್ತು. ಗೋಕಾಕ ಫಾಲ್ಸಿನ ಸದ್ದು ಅಡುಗೆಮನೆಯ ತನಕ ಕೇಳುತ್ತಿತ್ತು. ದಿನಾ ಬೆಳಿಗ್ಗೆ ಒಂದು ಪ್ರಶ್ನೆ ಎಂದು ಶುರುವಾದದ್ದು ಐದಾಯಿತು, ಹತ್ತಾಯಿತು. ನನ್ನ ಬಾಯಿ ಆ ಹೆಸರುಗಳಿಗೆ ಹೊರಳುತ್ತಿರಲಿಲ್ಲ. ಅಂಟನಾನರಿವೊ ಎನ್ನಲು ನನಗೆ ಮೂರು ದಿನ ಬೇಕಾಯಿತು. ಅವರು ರೊಟ್ಟಿ ಮುರಿದಂತೆ ತುಂಡು ತುಂಡು ಮಾಡಿ ಹೇಳಿಕೊಟ್ಟರು. ಬಾಗೇವಾಡಿಯ ನಮ್ಮ ಸಾಲಿಯಲ್ಲಿದ್ದ ನಕಾಶೆಯ ಕೆಳಗಿನ ಮೂಲೆಯನ್ನು ಇಲಿ ತಿಂದಿತ್ತು, ಹೀಗಾಗಿ ದಕ್ಷಿಣ ಅಮೆರಿಕ ಎಂಬ ಖಂಡ ನಾನು ನೋಡಿಯೇ ಇಲ್ಲ ಎಂದು ಒಂದು ದಿನ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ನಾನು ರೊಟ್ಟಿ ಬಡಿಯುವ ಹಿಟ್ಟಿನ ಮೇಲೆ ಬೆರಳಿನಿಂದ ಆ ಖಂಡ ಬರೆದು ತೋರಿಸಿದರು. "ನಿಂಗ ಒಂದ ಖಂಡ ಕಡಿಮಿ ಕೊಟ್ಟ ಕಳಸ್ಯಾರಲ್ಲ ನಿಮ್ಮಪ್ಪನ ಮನಿಯವರು" ಎಂದರು. ಅದು ಅವರು ನನಗೆ ಮಾಡಿದ ಮೊದಲ ಚಾಷ್ಟಿ.

ನಲವತ್ತೆರಡು ವರ್ಷದಲ್ಲಿ ಆಡದ ಮಾತನ್ನು ನಾವು ಆ ಎರಡು ತಿಂಗಳಲ್ಲಿ ಆಡಿದೆವು. ರೊಟ್ಟಿ ಬಡಿಯುತ್ತ ನಾನು ಮನಸ್ಸಿನಲ್ಲೇ ಒಂದು ಒಡಪು ಕೂಡ ಕಟ್ಟಿದೆ.

ಏಳು ಖಂಡ ಸುತ್ತಿ ಬಂದರೂ ಇಂಥಾ ಊರಿಲ್ಲ,
ಐದು ಸಾಗರ ದಾಟಿ ಬಂದರೂ ಮನಿ ದೂರಿಲ್ಲ.

ಮೂರನೆಯ ಸಾಲಿನಲ್ಲಿ ಅವರ ಹೆಸರು ಬರಬೇಕು. ನಾಗರ ಪಂಚಮಿಗೆ ನಾದಿನಿಯರು ಬಂದಾಗ ಎಲ್ಲರ ಎದುರು ಹೇಳಿಬಿಡಬೇಕು, ಮಾಸ್ತರರಿಗೆ ಆಶ್ಚರ್ಯವಾಗಲಿ ಎಂದುಕೊಂಡೆ. ಪಂಚಮಿ ಬಂತು. ಜೋಕಾಲಿ ಆಡಿ, ಉಂಡಿ ತಿಂದು ನಾದಿನಿಯರು ತಿರುಗಿ ಹೋದರು. ನನಗೆ ಬಾಯಿ ಬರಲಿಲ್ಲ.

ನಿಮ್ಮ ಅಪ್ಪ ದಿನಾ ಹತ್ತು ಗಂಟೆಗೆ ಅಂಗಡಿಯಿಂದ ಫೋನ್ ಮಾಡುತ್ತಿದ್ದ. ಅಪ್ಪಗ ಕೇಳಿದೆಯಾ ಎನ್ನುವನು, ಕೇಳಿದೆ ಎನ್ನುವೆ. ಹೇಳಿದರಾ ಎನ್ನುವನು, ಎಲ್ಲ ಖರೆ ಹೇಳಿದರು ಎನ್ನುವೆ. ಅದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ಮಕ್ಕಳೇ, ಇದಕ್ಕಿಂತ ದೊಡ್ಡ ಸುಳ್ಳನ್ನು ನಾನು ನನ್ನ ಜನ್ಮದಲ್ಲಿ ಹೇಳಿಲ್ಲ. ಅವರಿಗೆ ಒಂದೊಂದೇ ತಪ್ಪುತ್ತಿರುವುದು ನನಗೆ ಕಾಣುತ್ತಿತ್ತು. ಬಚ್ಚಲಿಗೆ ಹೋಗುವವರು ದೇವರ ಕೋಣೆಗೆ ಹೋಗಿ ನಿಲ್ಲುವರು. ಪಲ್ಲವಿ, ನಿನ್ನನ್ನು ಒಂದು ದಿನ ಯಾರ ಮಗಳು ಎಂದು ಕೇಳಿದರು, ನೀನು ಆಟವೆಂದು ತಿಳಿದು ನಕ್ಕೆ. ಆದರೂ ದೇಶಗಳು ಇನ್ನೂ ಇದ್ದವು. ಬಾಲ್ಯದಲ್ಲಿ ಕಲಿತದ್ದು ಕೊನೆಗೆ ಹೋಗುತ್ತದೆ ಎಂದು ಡಾಕ್ಟರರು ಆಮೇಲೆ ಹೇಳಿದರು. ಪೆರು ಕೇಳಿದರೆ ಲಿಮಾ ಎನ್ನುವ ಮನುಷ್ಯನಿಗೆ ಮನೆ ಗೊತ್ತಿರುವುದಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಬೆಳಗಿನ ಆ ಹೊತ್ತು ನನಗೆ ಬೇಕಾಗಿತ್ತು. ಡಾಕ್ಟರರ ಐದು ಪ್ರಶ್ನೆ ಕೇಳಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ಶ್ರಾವಣದ ಒಂದು ಸೋಮವಾರ. ಜಿನುಗು ಮಳೆ. ಅವರು ಕೊಡೆ ಹಿಡಿದು ಹೊರಟರು. ನೈಲ್ ನದಿ ಯಾವ ಸಮುದ್ರ ಸೇರುತ್ತದೆ ಎಂದು ಕೇಳಿದೆ. ಭೂಮಧ್ಯ ಸಮುದ್ರ ಎಂದರು. ಖರೆ ಐತಿ ಎಂದೆ. ಅವರು ಹೋಗದೆ ನನಗೇ ತಿರುಗಿ ಕೇಳಿದರು.

"ನಮ್ಮ ಘಟಪ್ರಭಾ?"

"ಕೃಷ್ಣಾಕ್ಕ ಕೂಡತೈತ್ರಿ."

"ಖರೆ ಐತಿ. ನಿಂದೂ ಪಾಸ್ ಆತು" ಎಂದು ಹೊಸ್ತಿಲು ದಾಟಿದರು.

ಅಲ್ಲಿ ಅವರು ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹುಟ್ಟಿ ಬೆಳೆದ ಓಣಿ. ಯಾವ ಕಡೆ ಹೋಗಬೇಕೆಂದು ಅವರಿಗೆ ತಿಳಿಯುತ್ತಿಲ್ಲ ಎಂಬುದು ನನಗೆ ತಿಳಿಯಿತು. ಸ್ಪಷ್ಟವಾಗಿ ತಿಳಿಯಿತು. ಆಗ ನಾನು ಅವರ ಕೈ ಹಿಡಿದು ಒಳಗೆ ಕರೆಯಬೇಕಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಹೆಂಗಸರು ಕುಳಿತಿದ್ದರು. ಅವರ ಮುಂದೆ ಮಾಸ್ತರರನ್ನು ಸಣ್ಣ ಹುಡುಗನಂತೆ ಎಳೆದು ತರುವುದು ಹೇಗೆ ಎಂದು ನಾಚಿದೆ. ಬಲಗೈ ಚಾಚಿ "ಆ ಕಡೆ" ಎಂದು ತೋರಿಸಿದೆ. ಅವರು ತಲೆಯಾಡಿಸಿ ಆ ಕಡೆ ನಡೆದರು.

ಹನ್ನೊಂದಾಯಿತು, ಹನ್ನೆರಡಾಯಿತು. ಊರ ಕಟ್ಟೆಯವರನ್ನು ಕೇಳಿದರೆ, ಬಂದೇ ಇಲ್ಲ ಎಂದರು. ನಿಮ್ಮ ಅಪ್ಪ ಅಂಗಡಿ ಬಿಟ್ಟು ಓಡಿ ಬಂದ. ಹೊಳೆಯ ದಂಡೆ ನೋಡಿದ, ಫಾಲ್ಸಿನ ಕಡೆ ನೋಡಿದ. ಹಳೆಯ ಸಾಲಿ ನೆನಪಾಗಿರಬೇಕು ಎಂದು ಮೂಡಲಗಿಗೆ ಗಾಡಿ ಹೊಡೆದ. ಅಲ್ಲಿ ಅಜ್ಜ ಬಣ್ಣ ಹಚ್ಚಿದ ಪ್ರಪಂಚದ ನಕಾಶೆ ಗೋಡೆಯ ಮೇಲೆ ಇನ್ನೂ ಇದೆ, ಅಜ್ಜ ಇಲ್ಲ ಎಂದು ಅಲ್ಲಿಂದ ಫೋನ್ ಮಾಡಿ ಅತ್ತ. ಅವತ್ತು ಸೋಮವಾರ ಎಂಬುದು ನನಗಾದರೂ ಹೊಳೆಯಬೇಕಿತ್ತು. ಎಷ್ಟು ವರ್ಷ ಸೋಮವಾರ ಬೆಳಿಗ್ಗೆ ಅವರಿಗೆ ಬುತ್ತಿ ಕಟ್ಟಿಕೊಟ್ಟಿಲ್ಲ ನಾನು.

ಸಂಜೆ ನಾಲ್ಕು ದಾಟಿದ ಮೇಲೆ ನಿಮ್ಮ ಅವ್ವನ ಫೋನಿಗೆ ಯಾರೋ ಕಳಿಸಿದ ಒಂದು ಫೋಟೋ ಬಂತು. ತೊಯ್ದು ತೊಪ್ಪೆಯಾದ ಅಂಗಿ, ಕೈಯಲ್ಲಿ ಕೊಡೆ ಇಲ್ಲ, ತಲೆಯ ಮೇಲೆ ಟೊಪ್ಪಿಗೆ ಇಲ್ಲ. ಕೆಳಗೆ ಬರೆದಿದ್ದರು: ಈ ಅಜ್ಜ ಹುಕ್ಕೇರಿ ಸ್ಟ್ಯಾಂಡಿನಲ್ಲಿದ್ದಾರೆ, ಇವರಿಗೆ ಹೆಸರು ಗೊತ್ತಿಲ್ಲ.

ನಿಮ್ಮ ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋದ. ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಅವರನ್ನು ಕೂರಿಸಿದ್ದರು. ಅಂಗಡಿಯ ದಸ್ತಗೀರ್ ಕಾಕಾ ತಮ್ಮ ಶಾಲು ಹೊದಿಸಿ, ಒಲೆಯ ಹತ್ತಿರ ಜಾಗ ಮಾಡಿದ್ದರು. ಹೇಗೆ ಸಿಕ್ಕರು ಎಂದು ಕಾಕಾ ಹೇಳಿದರು. ಮಾಸ್ತರರು ಬಸ್ಸಿನಿಂದ ಇಳಿದು ಮಳೆಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಿದ್ದರಂತೆ. ಯಾವ ಊರು ಎಂದು ಕೇಳಿದರೆ ಏಷ್ಯಾ ಎಂದರಂತೆ. ಅಲ್ಲಿದ್ದ ಕಾಲೇಜು ಹುಡುಗರು ನಕ್ಕು, ಏಷ್ಯಾದಾಗ ಎಲ್ಲಿ ಅಜ್ಜಾ ಎಂದರು. ಭಾರತ ಎಂದರು. ಅವರಲ್ಲಿ ಒಬ್ಬ ಚಾಷ್ಟಿಗೆ ಜಪಾನಿನ ರಾಜಧಾನಿ ಕೇಳಿದ. ಮಾಸ್ತರರು ಥಟ್ಟನೆ ಹೇಳಿದರು. ಫ್ರಾನ್ಸಿನದು, ಕೆನಡಾದ್ದು, ಈಜಿಪ್ಟಿನದು, ಒಂದಾದ ಮೇಲೊಂದು. ಮಂದಿ ಕೂಡಿದರು. ಪ್ರತಿ ಉತ್ತರಕ್ಕೂ ಚಪ್ಪಾಳೆ ಹೊಡೆದರು, ಫೋನಿನಲ್ಲಿ ತೆಗೆದರು. ಮಾಸ್ತರರು ಖುಷಿಯಾಗಿ ನೆಟ್ಟಗೆ ನಿಂತಿದ್ದರಂತೆ. ಕೊನೆಗೆ ಒಬ್ಬ, ಇಷ್ಟೆಲ್ಲ ಬಲ್ಲ ನಿಮ್ಮ ಹೆಸರೇನು ಅಜ್ಜಾ ಎಂದ. ಅವರು ಬಾಯಿ ತೆರೆದರು. ಸುತ್ತಲಿದ್ದವರ ಮುಖವನ್ನು ಒಂದೊಂದಾಗಿ ನೋಡಿದರು, ಯಾರಾದರೂ ಹೇಳಿಕೊಡುತ್ತಾರೇನೋ ಎಂಬಂತೆ.

"ನನಗ ನೋಡಾಕ ಆಗಲಿಲ್ರಿ, ಅವ್ವಾ" ಎಂದರು ದಸ್ತಗೀರ್ ಕಾಕಾ. "ಎಲ್ಲಾರನ್ನೂ ಓಡಿಸಿ ಒಳಗ ಕರಕೊಂಡು ಬಂದೆ. ದುನಿಯಾ ಪೂರಾ ಬರತೈತಿ ಇವರಿಗೆ, ಹೆಸರ ಒಂದ ಬರವಲ್ದು."

ಆಮೇಲೆ ಅವರು ನನಗೇ ಕೇಳಿದರು. "ಏನ್ರಿ ಇವರ ಹೆಸರು? ನಿಮ್ಮ ಬಾಯಿಲೆ ಒಮ್ಮೆ ಹೇಳ್ರಿ. ಕೇಳಿದ್ರ ನೆನಪಾದೀತು."

ನಿಮ್ಮ ಅಜ್ಜ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಯಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳುತ್ತೇನೆ ಎಂದು ಮಾತ್ರ ಕಾಯುತ್ತಿದ್ದರು. ಅಂಗಡಿಯಲ್ಲಿ ಹತ್ತು ಹನ್ನೆರಡು ಗಂಡಸರಿದ್ದರು. ನನ್ನ ಕೈ ತಾನಾಗಿ ಸೆರಗು ಎಳೆದುಕೊಂಡಿತು. ನಾನು ಮಗನ ಕಡೆ ತಿರುಗಿದೆ. ಹೆಸರು ಅವನೇ ಹೇಳಿದ. ಯಾರೋ ಬೇರೆಯವರ ಹೆಸರು ಕೇಳಿದ ಹಾಗೆ ಅಜ್ಜ ತಲೆ ತಗ್ಗಿಸಿ ಚಹಾದ ಕಪ್ಪು ನೋಡಿದರು.

ದಿನವಿಡೀ ಮಳೆಯಲ್ಲಿ ತೊಯ್ದ ದೇಹ. ಮರುದಿನವೇ ಜ್ವರ ಬಂತು, ಅದು ಎದೆಗೆ ಇಳಿಯಿತು. ಗೋಕಾಕದ ದವಾಖಾನೆಯಲ್ಲಿ ಒಂಬತ್ತು ದಿನ ಇದ್ದರು. ನಾನು ಬಾಜೂಕ್ಕೆ ಸ್ಟೂಲಿನ ಮೇಲೆ ಕುಳಿತು ಮೆಲ್ಲಗೆ ಪೆರು ಎಂದು, ಕೀನ್ಯಾ ಎಂದು ಕೇಳುತ್ತಿದ್ದೆ. ಒಂದು ದಿನ ಲಿಮಾ ಬಂತು, ಮರುದಿನ ಬರಲಿಲ್ಲ. ಖಂಡಗಳು ಏಳರಲ್ಲಿ ನಾಲ್ಕು ಉಳಿದವು, ಆಮೇಲೆ ಎರಡು. ಹಿಟ್ಟಿನ ಮೇಲೆ ಬರೆದ ಖಂಡವನ್ನು ಯಾರೋ ಕೈಯಿಂದ ಸವರುತ್ತಿದ್ದ ಹಾಗೆ.

ಎಂಟನೆಯ ದಿನ ಮಧ್ಯಾಹ್ನ ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆ ನೋಟ ಸ್ವಚ್ಛವಾಗಿತ್ತು. "ನನ್ನ ಹೆಸರೇನ?" ಎಂದು ಕೇಳಿದರು. ಬಾಜೂ ಮಂಚದವರ ಬೀಗರ ಹೆಂಗಸರು ಬಂದು ಸುತ್ತ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಮೂರು ಸಾಲಿನ ಒಡಪು ನನ್ನ ಬಾಯಿಯಲ್ಲಿ ತಯಾರಿತ್ತು. ಅದೂ ಬೇಡ, ಬರೀ ಹೆಸರು ಹೇಳಿದ್ದರೂ ಸಾಕಿತ್ತು. ನಾನು ಅವರ ಕಿವಿಯ ಹತ್ತಿರ ಬಗ್ಗಿದೆ. ಆ ಹೆಂಗಸರು ಮಾತು ನಿಲ್ಲಿಸಿ ನಮ್ಮ ಕಡೆ ನೋಡಿದರು.

"ನಾಳೆ ಹೇಳತೇನ್ರಿ" ಎಂದೆ.

ಅವರು ಸ್ವಲ್ಪ ನಕ್ಕ ಹಾಗೆ ಕಂಡಿತು. ಮದುವೆಯ ದಿನದ ಮಾತು ನೆನಪಾಗಿ ನಕ್ಕರೋ, ಸುಮ್ಮನೆ ತುಟಿ ಅಲುಗಿತೋ ನನಗೆ ಗೊತ್ತಿಲ್ಲ. ಕಣ್ಣು ಮುಚ್ಚಿದರು. ಮರುದಿನ ಬೆಳಿಗ್ಗೆ ನಾನು ಚಹಾ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಈಗ ಯಾರ ಮನೆಯ ಕಾರ್ಯದಲ್ಲೂ ನನಗೆ ಒಡಪು ಕೇಳುವುದಿಲ್ಲ. ಗಂಡ ಹೋದವರಿಗೆ ಕೇಳುವ ಪದ್ಧತಿ ಇಲ್ಲ. ನಲವತ್ತೆರಡು ವರ್ಷ ಎಲ್ಲರೂ ಕೇಳಿದಾಗ ನಾಚಿಕೆ, ಈಗ ಹೇಳುತ್ತೇನೆಂದರೆ ಕೇಳುವವರಿಲ್ಲ. ನಿಮ್ಮ ಅಪ್ಪನಿಗೂ ನಾನು ಯಾವ ಪ್ರಶ್ನೆ ಕೇಳುತ್ತಿದ್ದೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿ ನೀವು ಅವನಿಗೆ ಹೇಳಿದರೆ ಹೇಳಿರಿ. ಅವನು ಸಿಟ್ಟಾದರೆ ಅದು ಅವನ ಹಕ್ಕು.

ಇವತ್ತು ಬೆಳಿಗ್ಗೆ ನೀವೆಲ್ಲ ಹೋದ ಮೇಲೆ ನಾನು ಹೊರಗೆ ಬಂದು ಬಾಗಿಲ ಕಡೆ ಮುಖ ಮಾಡಿ ನಿಂತೆ, ಮದುವೆಯ ದಿನ ನಿಂತಿದ್ದ ಜಾಗದಲ್ಲೇ. ಸಣ್ಣಗೆ ಮಳೆ ಹತ್ತಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಹೆಂಗಸರು ಕುಳಿತಿದ್ದರು, ಅವರು ನೋಡುತ್ತಿದ್ದದ್ದೂ ನನಗೆ ಗೊತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

ಏಳು ಖಂಡ ಸುತ್ತಿ ಬಂದರೂ ಇಂಥಾ ಊರಿಲ್ಲ,
ಐದು ಸಾಗರ ದಾಟಿ ಬಂದರೂ ಮನಿ ದೂರಿಲ್ಲ,
ಬಾಳಪ್ಪನವರ ಹೆಸರ ಹೇಳೇನಿ, ಬಾಗಿಲ ತಡಿಯೋರು ಯಾರಿಲ್ಲ.

ಖರೆ ಐತಿ, ಹೋಗು ಎಂದು ಯಾರಾದರೂ ಹೇಳಲಿ ಎಂದು ನಾನು ಬಹಳ ಹೊತ್ತು ಹೊಸ್ತಿಲ ಹೊರಗೇ ನಿಂತಿದ್ದೆ.